ಎರಡು ಮುಳ್ಳು, ಒಂದೇ ಉಸಿರು

ಶಹಾಪುರದ ಕಾಲುವೆ ಪಕ್ಕದ ಭತ್ತದ ಗದ್ದೆಯಲ್ಲಿ ವಿಮಾನ ಮೂತಿ ಹೂತು ಬಿದ್ದಿತ್ತು. ಅದನ್ನು ಹಾರಿಸುತ್ತಿದ್ದ ಕಲ್ಪನಾಳನ್ನು ಹೊರಗೆಳೆಯುವಾಗ ಫಿಟ್ಟರ್ ಹಣಮೇಶನ ಜೀವವೇ ಬಾಯಿಗೆ ಬಂದಿತ್ತು.

"ವೇಗದ ಎರಡೂ ಮುಳ್ಳು ತೊಂಬತ್ತು ತೋರಸಾಕತ್ತಿದ್ವು, ಅಣ್ಣಾ—" ಅಷ್ಟು ಹೇಳಿ ಅವಳು ಎಚ್ಚರ ತಪ್ಪಿದಳು. ಅವಳನ್ನು ಆಸ್ಪತ್ರೆಗೆ ಒಯ್ದರು.

ಆ ಪುಟ್ಟ ವಿಮಾನವನ್ನು ಆರು ವರ್ಷ ಕೂತು ಕಟ್ಟಿದವರು ಅವಳ ಅಪ್ಪ, ನಿವೃತ್ತ ಐಟಿಐ ಮಾಸ್ತರ ಭಗವಂತರಾಯರು. ಹಣಮೇಶ ಅವರ ಬಲಗೈ. ಮಾಸ್ತರು ನೀಲಿ ದಾರ ಸುತ್ತಿದ ಕನ್ನಡಕ ಸರಿಮಾಡಿಕೊಂಡು, ಪಿಎಸ್ಐ ಪರಿಮಳಾ ಮುಂದೆ ಆ ಹಣಮೇಶನತ್ತಲೇ ಬೆರಳು ತೋರಿಸಿದರು.

"ಇಂವಾ ಮುಂಜಾನೆ ನನ್ನ ಜೋಡಿ ಜಗಳಾಡ್ಯಾನ್ರಿ. ಇವನದೇ ಕೆಲಸ!"

ಹಣಮೇಶ ದಂಗಾದ. ಆರು ವರ್ಷ ಅವರ ಮನೆ ರೊಟ್ಟಿ ತಿಂದವನಿಗೆ ಉಂಡ ಮನೆಗೆ ಎರಡು ಬಗೆದವನೆಂಬ ಹೆಸರೇ? ಇನ್ನು ಊರಲ್ಲಿ ಯಾರು ಅವನ ಕೈಗೆ ಸ್ಪ್ಯಾನರ್ ಕೊಡುತ್ತಾರೆ?

"ಜಗಳ ಯಾಕ?" ಎಂದಳು ಪರಿಮಳಾ.

"ಪೈಪೆಲ್ಲಾ ಇನ್ನೊಮ್ಮೆ ನೋಡೂಣು ಅಂದಿದ್ದೆ. ಸರ್ ಬ್ಯಾಡ ಅಂದ್ರು."

"ವೇಗ ಗೊತ್ತಾಗೂದು ಹೆಂಗ?"

"ಎರಡೂ ರೆಕ್ಕಿಗೆ ಒಂದೊಂದು ಕೊಳವಿ ಅದಾವ್ರಿ. ಗಾಳಿ ನುಗ್ಗಿದ್ರ ಮುಳ್ಳು ಏಳ್ತದ. ಒಂದು ಕೆಟ್ರ ಇನ್ನೊಂದಿರ್ಲಿ ಅಂತ ಎರಡು. ಮ್ಯಾಲೆ ರೆಕ್ಕಿ ಅಂಚಿಗೆ ಈ ಸಣ್ಣ ತಗಡು ಬ್ಯಾರೆ— ಮೂತಿ ಅತಿ ಎತ್ತಿ ವೇಗ ಇಳಿದ್ರ, ಬೀಳ್ತಿ ಅಂತ ಹಾರ್ನ್ ಹೊಡೀತದ."

"ಹೊಡೀತಾ?"

"ನಾಟಿ ಹಚ್ಚೋ ಹೆಣ್ಮಕ್ಕಳೆಲ್ಲಾ ಕೇಳ್ಯಾರ್ರಿ."

"ಮತ್ತ ಕಲ್ಪನಾ ಯಾಕ ಕೇಳ್ಲಿಲ್ಲ?"

"ಎರಡು ಮುಳ್ಳು ಒಂದೇ ಮಾತು ಹೇಳಿದ್ರ, ಒಂದು ಹಾರ್ನನ್ನ ಯಾರು ನಂಬ್ತಾರ್ರಿ ಮೇಡಂ?"

ಪರಿಮಳಾ ಏನನ್ನೂ ಮುಟ್ಟದೆ ವಿಮಾನದೊಳಗೆ ಬಗ್ಗಿದಳು. ತಟ್ಟನೆ ತಿರುಗಿದಳು.

"ಬಿದ್ದು ಎರಡು ತಾಸಾತು. ಮುಳ್ಳು ಇನ್ನೂ ತೊಂಬತ್ತರ ಮ್ಯಾಲೆ ಯಾಕ ಅದಾವ?"

"ಹೊಡತಕ್ಕ ಕೆಟ್ಟಿರ್ತಾವ್ರಿ," ಎಂದರು ಮಾಸ್ತರು.

"ಎರಡೂ? ಒಂದೇ ಅಂಕಿ ಮ್ಯಾಲೆ?"

ಅವಳು ಮೀಟರುಗಳ ಹಿಂದೆ ಟಾರ್ಚ್ ಬಿಟ್ಟಳು. ಹಣಮೇಶ ಇಣುಕಿದ. ಎರಡೂ ಮೀಟರಿಗೆ ಎಡಗೊಳವೆಯ ಗಾಳಿಯೇ ಹೋಗುತ್ತಿತ್ತು. ನಡುವೆ, ಹತ್ತಿ ಹೊಲಕ್ಕೆ ನೀರು ಬಿಡುವ ಡ್ರಿಪ್ ಪೈಪಿನ ಕಪ್ಪು ‘ಟೀ’ ಜೋಡಣೆ, ಒಂದು ಪೈಪನ್ನು ಎರಡಾಗಿ ಕವಲೊಡೆಸುವ ತುಂಡು! ಬಲಗೊಳವೆ ಬರೀ ತೋರಿಕೆಗೆ ನಿಂತಿತ್ತು.

"ಎಡಗೊಳವಿ ಬಾಯಾಗ ಒಂದು ಹುಳ ಜಜ್ಜಿ ಕುಂತದ, ನೋಡ್ರಿ," ಎಂದಳು ಪರಿಮಳಾ. "ಹಾರುವಾಗ ಬಡಿದದ. ಒಳಗಿನ ಗಾಳಿ ಒಳಗೇ ಸಿಕ್ಕದ. ವೇಗ ಇಳೀತು, ಮುಳ್ಳು ಇಳೀಲಿಲ್ಲ. ಎರಡು ಸಾಕ್ಷಿ ಅಂತ ಹುಡುಗಿ ನಂಬಿದ್ಳು— ಮಾತಾಡಿದ್ದು ಒಂದೇ ಬಾಯಿ. ಹಣಮೇಶ, ನೀ ಪೈಪ್ ಬಿಗಿಯೂದು ಹೆಂಗ?"

"ಕ್ಲಿಪ್ ಹಾಕಿ ಸ್ಕ್ರೂ ತಿರುವತೀನ್ರಿ."

"ಈ ಟೀಗೆ ನೀಲಿ ದಾರ ಸುತ್ತ್ಯದ. ಮಾಸ್ತರ, ನಿಮ್ಮ ಕನ್ನಡಕ ತೆಗೀರಿ."

ಮಾಸ್ತರು ತೆಗೆಯಲಿಲ್ಲ. ಬದುವಿನ ಮೇಲೆ ಕುಸಿದು ಕೂತರು.

"ನಿನ್ನೆ ವಿಮಾನಕ್ಕ ಹೊದಿಸಿದ್ದ ತಾಡಪತ್ರಿ ಎಳೆಯುವಾಗ ಬಲಗೊಳವಿ ಒಳಗಽ ಮುರೀತು. ಹೊಸಾದು ಬರಾಕ ತಿಂಗಳಾಗ್ತಿತ್ತು. ಒಂದಿದ್ರ ಸಾಕು ಅನಕೊಂಡೆ. ಮಗಳಿಗೆ ಹೆಂಗ ಹೇಳ್ಲಿ ಅಂತ ಇವನ ಹೆಸರು..."

ಹಣಮೇಶನಿಗೆ ಸಿಟ್ಟಿಗಿಂತ ಅಳು ಮುಂದೆ ಬಂತು. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಕಲ್ಪನಾ! ಅವಳಿಗೆ ಎಚ್ಚರವಾಗಿತ್ತು.

"ಅಣ್ಣಾ, ಅಪ್ಪಗ ಹೇಳು, ವಿಮಾನದ್ದೇನೂ ತಪ್ಪಿಲ್ಲ. ಅಪ್ಪ ಎರಡೆರಡು ಕೊಳವಿ ಹಾಕ್ಯಾನ. ನಾನೇ ತಪ್ಪಿದೆ."

ಹಣಮೇಶ ಫೋನನ್ನು ಮಾಸ್ತರ ಕೈಗಿಟ್ಟ.

"ನೀವೇ ಹೇಳ್ರಿ, ಸರ್."