ಘೋಣಸಗಿಯ ಕರಿದೇವರು

ಬಬಲೇಶ್ವರದ ಹಳ್ಳದಲ್ಲಿ ಆ ತಾಮ್ರದ ಗಟ್ಟಿ ಹುಡುಕಿದವನು ಗುರುಪಾದಯ್ಯ. ಅದು ಕುಲುಮೆ ಕಾಣದ ಅಪ್ಪಟ ತಾಮ್ರ, ಕರಿಕಲ್ಲಿನ ಬಿರುಕಿನಲ್ಲಿ ತಾನಾಗಿ ಹುಟ್ಟಿದ್ದು ಎಂದು ಗುರುತಿಸಿದವನೂ ಅವನೇ. ಆದರೆ ಮುಂಬಯಿಯ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಅದರ ಕೆಳಗೆ ಬಿದ್ದದ್ದು ಅವನ ಹೆಡ್‌ಮಾಸ್ತರರ ಹೆಸರು. ವಿಜಾಪುರದ ಶಾಲೆಯಲ್ಲಿ ವಿಜ್ಞಾನ ಕಲಿಸುವ ಈ ಬಡಪಾಯಿಗೆ ಸಿಕ್ಕಿದ್ದು ಒಂದು ಕಪ್ ಚಹಾ. ಆ ಚಹಾ ಅವನ ಗಂಟಲಿನಿಂದ ಇನ್ನೂ ಕೆಳಗಿಳಿದಿರಲಿಲ್ಲ.

ಮಹಾಯುದ್ಧ ಮುಗಿದ ವರ್ಷ, ಶ್ರಾವಣದ ಅಮಾವಾಸ್ಯೆಗೆ, ಹೊಸ ಕಲ್ಲು ಹುಡುಕುತ್ತ ತಿಕೋಟಾ ದಾಟಿ ಘೋಣಸಗಿಯ ಕುರಿಗಾರರ ಹಟ್ಟಿಗೆ ಹೋದ. ಅಲ್ಲೊಂದು ಪುಟ್ಟ ಕಲ್ಲಿನ ಗುಡಿ. ಒಳಗೆ ಮೂರು ಕಲ್ಲುಗಳ ಮೇಲೆ ಕುಂಬಳಕಾಯಿ ಗಾತ್ರದ ಕರಿದೇವರು, ಮೈತುಂಬ ಎಣ್ಣೆ, ಕುಂಕುಮ. ಗುರುಪಾದಯ್ಯ ನಮಸ್ಕರಿಸಲು ಬಗ್ಗಿದಾಗ ಜೇಬಿನಲ್ಲಿದ್ದ ಅಯಸ್ಕಾಂತ ಬಟ್ಟೆ ಸಮೇತ ದೇವರಿಗೆ ಅಂಟಿಕೊಂಡಿತು.

"ನಮ್ಮ ಮುತ್ಯಾನ ಕಾಲದಾಗ ಮುಗಿಲಿನಿಂದ ಇಳದ ಬಂದಾನ್ರಿ ಅಯ್ಯನೋರ," ಎಂದಳು ಹಟ್ಟಿಯ ಹಿರಿಯಳು ಬೋರವ್ವ. "ಬಿದ್ದ ಹೊಲದಾಗಿನ ಜ್ವಾಳ ಹೊತ್ತಿ ಉರೀತಂತ."

ಮುಂದಿನ ಸಲ ಒಬ್ಬನೇ ಇದ್ದಾಗ ದೇವರ ಬೆನ್ನನ್ನು ಉಗುರಿನಷ್ಟಗಲ ಅರದಿಂದ ಉಜ್ಜಿ, ಒಂದು ಹನಿ ಆಮ್ಲ ಬಿಟ್ಟ. ಬೆಳ್ಳಗೆ ಹೊಳೆಯುವ ಲೋಹದಲ್ಲಿ ಕಂಬಳಿಯ ನೇಯ್ಗೆಯಂತೆ ಅಡ್ಡಗೆರೆಗಳು ಎದ್ದವು. ನಿಕಲ್ ಬೆರೆತ ಆಕಾಶದ ಕಬ್ಬಿಣ! ಜನ್ಮವಿಡೀ ಹುಡುಕಿದರೂ ಸಿಗದ್ದು. ಉಜ್ಜಿದ ಜಾಗಕ್ಕೆ ಎಣ್ಣೆ, ಮಸಿ ಮೆತ್ತಿ ಎದ್ದ. ಈ ಸಲ ಗಾಜಿನ ಪೆಟ್ಟಿಗೆಯಲ್ಲಿ ತನ್ನ ಹೆಸರೇ ಇರಬೇಕು.

ಕೇಳಿದರೆ ಕೊಡುವವರಲ್ಲ. ಸರಕಾರಕ್ಕೆ ತಿಳಿಸಿದರೆ ನಡುವೆ ಮತ್ತೊಬ್ಬ ಹೆಡ್‌ಮಾಸ್ತರ ಹುಟ್ಟಿಕೊಳ್ಳುತ್ತಾನೆ. ಉಳಿದದ್ದು ಒಂದೇ ದಾರಿ. ಗುರುಪಾದಯ್ಯ ಭಕ್ತನಾದ. ಅಮಾವಾಸ್ಯೆ ತಪ್ಪದೆ ಸೈಕಲ್ ತುಳಿದು ಬಂದು ಎಣ್ಣೆ ಎರೆದ. ಕಾಲ ಕೆಟ್ಟಿದೆ, ದೇವರಿಗೂ ಒಂದು ಬೀಗ ಬೇಕೆಂದು ತಾನೇ ಹೇಳಿ, ತಾನೇ ತಂದು ಹಾಕಿಸಿದ.

ದೀಪಾವಳಿ ಮುಗಿದು ಹಟ್ಟಿಯವರು ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಗೆ ಹೊರಟಾಗ ಬೋರವ್ವನ ಮಗ ಗುರಣ್ಣ ತಲೆ ಕೆರೆದುಕೊಂಡ. "ನಾವು ಬರೂತನಾ ದೇವರಿಗಿ ದೀಪಾ ಹಚ್ಚೋರ ಯಾರ್ರಿ?"

"ನಾ ಅದೀನಲ್ಲೋ ಗುರಣ್ಣ."

ಬೋರವ್ವ ಎರಡೂ ಕೈಯಿಂದ ಕೀಲಿ ಕೊಟ್ಟಳು. "ನೀವ್ ಅದೀರಿ ಅಂದ್ರ ನಮಗ್ಯಾಕ ಚಿಂತಿ ಬಿಡ್ರಿ."

ಅವನ ಎದೆ ಚುರ್ ಎಂದಿತು. ಕತ್ತಲಲ್ಲಿ ಎಣ್ಣೆ ಕುಡಿಯುತ್ತ ಕೂತರೆ ಈ ಲೋಹಕ್ಕೆ ಯಾವ ಮರ್ಯಾದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ಆ ಮುದುಕಿಯ ಒರಟು ಬೆರಳುಗಳು ಬಹಳ ದಿನ ಅವನ ಅಂಗೈ ಬಿಡಲಿಲ್ಲ.

ಬಬಲೇಶ್ವರದ ಹಳ್ಳದಿಂದಲೇ ಒಂದು ಕರಿಕಲ್ಲು ತಂದ. ಗುಡಿಯಲ್ಲಿ ದೇವರ ಅಳತೆ ತೆಗೆದುಕೊಂಡು ಹೋಗಿ, ಮನೆಯಲ್ಲಿ ಕೂತು ಒಂದೊಂದೇ ತಗ್ಗು, ಒಂದೊಂದೇ ಉಬ್ಬು ಉಳಿಯಿಂದ ಮೂಡಿಸಿದ. ಎಣ್ಣೆ, ಮಸಿ, ಕುಂಕುಮ ಪದರುಪದರಾಗಿ ಮೆತ್ತಿ ಬಿಸಿಲಿಗಿಟ್ಟ. ಹಳೆಯ ಎಣ್ಣೆಯ ಕಮಟು ವಾಸನೆಯನ್ನೂ ಬಿಡಲಿಲ್ಲ. ಬೇಸಿಗೆಯ ಮಟಮಟ ಮಧ್ಯಾಹ್ನ ಜೋಳದ ಚೀಲದಲ್ಲಿ ಒಂದು ದೇವರು ಬಂದಿತು, ಇನ್ನೊಂದು ಹೋಯಿತು. ಭಾರಕ್ಕೆ ತಿಕೋಟಾ ದಾಟುವವರೆಗೆ ಸೈಕಲ್ ತಳ್ಳಿಕೊಂಡೇ ಹೋದ. ಎದುರು ಬಂದವರು ಅಯ್ಯನೋರಿಗೆ ಕೈಮುಗಿದರು.

ಆಕಾಶದ ಕಬ್ಬಿಣ ಹಳ್ಳದಲ್ಲಿ ಸಿಕ್ಕಿತೆಂದು ಮುಂಬಯಿಯ ಮ್ಯೂಸಿಯಮ್ಮಿನವರಿಗೆ ಹೇಳಿದ. ಅವರು ಬಂದು, ನೋಡಿ, ಬೆರಗಾಗಿ ಒಯ್ದರು. ಹೆಡ್‌ಮಾಸ್ತರರು ಇಡೀ ಶಾಲೆಯ ಮುಂದೆ ಹಾರ ಹಾಕಬೇಕಾಯಿತು. ಅವರ ಮುಖ ಹುಳ್ಳಗಾದದ್ದನ್ನು ಕಂಡು ಗುರುಪಾದಯ್ಯನಿಗೆ ಸ್ವರ್ಗ ಸಿಕ್ಕಂತಾಯಿತು. ರಾತ್ರಿ ನಿದ್ದೆ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ.

ಮೊದಲ ಮಳೆಗೆ ಹಟ್ಟಿ ಮರಳಿತು. ಉಣ್ಣೆ ಕತ್ತರಿಸುವ ದಿನಕ್ಕೆ ಅಯ್ಯನೋರು ಬರಲೇಬೇಕೆಂದು ಕರೆ ಬಂತು. ಹೋಗದಿದ್ದರೆ ಅನುಮಾನ, ಹೋದ. ಬೋರವ್ವ ದೇವರನ್ನು ಕಣ್ತುಂಬ ನೋಡಿ, ಕುಂಕುಮ ಹಚ್ಚಿ, ಕೈಮುಗಿದಳು. ಗುರುಪಾದಯ್ಯ ಹಾಸಿದ ಕಂಬಳಿಯ ಮೇಲೆ ಕಾಲು ಚಾಚಿ ಉಸಿರು ಬಿಟ್ಟ. ಆಗ ಅವಳು ಉಣ್ಣೆಯ ದೊಡ್ಡ ಕತ್ತರಿ ಎತ್ತಿಕೊಂಡಳು. ಮೊದಲ ಕುರಿಗೆ ಕತ್ತರಿ ಹಾಕುವ ಮುಂಚೆ ದೇವರ ಅಪ್ಪಣೆ ಕೇಳುವುದು ಆ ಹಟ್ಟಿಯ ಪದ್ಧತಿ. ಅದು ವರ್ಷಕ್ಕೊಮ್ಮೆ, ಮುಂಗಾರಿಗೆ ಮಾತ್ರ. ಶ್ರಾವಣದಲ್ಲಿ ಬಂದ ಭಕ್ತನಿಗೆ ಅದನ್ನು ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಬೋರವ್ವ ಕತ್ತರಿಯ ಬೆನ್ನಿನಿಂದ ದೇವರಿಗೆ ಒಂದೇಟು ಹಾಕಿದಳು. ಅವಳ ಅಜ್ಜನ ಕಾಲದಿಂದ ಝಣ್ಣೆಂದು ಗಂಟೆಯಂತೆ ಅಪ್ಪಣೆ ಕೊಡುತ್ತಿದ್ದ ದೇವರು ಠಪ್ಪೆಂದ. ಅವಳು ಇನ್ನೊಮ್ಮೆ ಹೊಡೆದಳು. ಠಪ್. ಮುದುಕಿ ಕತ್ತರಿ ಕೆಳಗಿಟ್ಟು, ಮೆಲ್ಲಗೆ ಅವನ ಕಡೆ ತಿರುಗಿದಳು. "ಬೀಗ ಒಡದಿಲ್ರಿ ಅಯ್ಯನೋರ," ಎಂದಳು. "ನಮ್ಮ ದೇವರ ಎಲ್ಲಿ ಅದಾನ್ರಿ?"