ತಣ್ಣಗಾಗದ ತೇಪೆ

ಮಗಳ ದಿಂಬಿನ ಹಿಂದೆ, ಜಿಪ್ಸಂ ಬೋರ್ಡಿನ ಗೋಡೆಯಲ್ಲಿ ಮುಷ್ಟಿ ಗಾತ್ರದ ತೂತಿತ್ತು. ಅದರಿಂದ ಬರುವ ತಣ್ಣನೆ ಗಾಳಿಗೆ ಅವಳು ವಾರದಿಂದ ನಿದ್ದೆಗೆಟ್ಟಿದ್ದಳು.

“ಡಬ್ಬೀಲಿ ಬರೋ ಗೋಡೆ ಪುಟ್ಟಿ ಮೊಳೆ ತೂತಿಗಷ್ಟೇ ಅಕ್ಕಾ, ಇಷ್ಟು ದೊಡ್ಡದಕ್ಕೆ ಬಿರುಕು ಬಿಡತ್ತೆ. ಈ ಪುಡಿ ಕಲಸಿ ತುಂಬಿ. ಗಟ್ಟಿಯಾಗ್ತಾ ಬಿಸಿಯಾಗತ್ತೆ, ಗಂಟೇಲಿ ತಣ್ಣಗಾಗತ್ತೆ,” ಎಂದ ಹಾರ್ಡ್‌ವೇರ್ ಅಂಗಡಿಯವನು.

ತೂತಿಗೆ ಜಾಲರಿ ಕೊಟ್ಟು, ಪುಡಿ ಕಲಸಿ ತುಂಬಿದೆ. ಕಲ್ಲಿನಂತಾಯಿತು. ಆದರೆ ಮೂರನೆಯ ದಿನವೂ ತೇಪೆ ಜ್ವರ ಬಂದ ಹಣೆಯಂತೆ ಬೆಚ್ಚಗಿತ್ತು. ಫೋನ್ ಮಾಡಿ ಕೇಳಿದರೆ, “ಹೀಟರ್ ಖರ್ಚು ಉಳೀತು ಬಿಡಿ,” ಎಂದು ನಕ್ಕ.

ಮಗಳು ಮಾತ್ರ ಅದಕ್ಕೇ ಕೆನ್ನೆಯಾನಿಸಿ ಮಲಗಿದ್ದಳು. “ಇಲ್ಲಿ ಚೆನ್ನಾಗಿ ನಿದ್ದೆ ಬರತ್ತಮ್ಮಾ.”

ಆಗಲೇ ಮಂಚವನ್ನು ಎದುರು ಗೋಡೆಗೆ ಎಳೆದೆ.

ಇವತ್ತು ಬೆಳಿಗ್ಗೆ ಹಾಸಿಗೆ ಕೊಡವುವಾಗ, ಆ ಗೋಡೆಯೂ ದಿಂಬಿನ ಎತ್ತರದಲ್ಲಿ ಅಂಗೈಯಗಲ ಬೆಚ್ಚಗಿತ್ತು. ಅಲ್ಲಿ ಯಾವತ್ತೂ ತೂತಿರಲಿಲ್ಲ.