ಹಂಚಿನ ಕಾರ್ಖಾನೆಯ ಸೀಟಿ

"ಸೀಟಿ ಇಲ್ಲ!"

ಹೊನ್ನಾವರದ ಹಳೇ ಹಂಚಿನ ಕಾರ್ಖಾನೆಯ ಉಗಿಯಂತ್ರದೆದುರು ಸರೋಜಾ ಟೀಚರ್ ಕುಸಿದು ಕೂತಿದ್ದರು. ಗುಜರಿಗೆ ಹೋಗಬೇಕಿದ್ದ ಯಂತ್ರವನ್ನು ಸ್ಮಾರಕವಾಗಿ ಉಳಿಸಲು ಕಚೇರಿ ಕಚೇರಿ ಅಲೆದವರು ಅವರು. ಮಧ್ಯಾಹ್ನ ಸಮಿತಿಯವರು ನೋಡಲು ಬರುವವರಿದ್ದರು. ಒಂದು ಭಾಗ ಕಡಿಮೆಯಾದರೂ ಮತ್ತೆ ಗುಜರಿಯೇ ಗತಿ. ಈಗ ನೆತ್ತಿಯ ಮೇಲಿನ ಹಿತ್ತಾಳೆ ಸೀಟಿಯೇ ಮಾಯ!

ಎಸ್‌ಐ ವಿನುತಾ ಏಣಿ ಹತ್ತಿದರು. ಏಣಿ ಹಿಡಿದವನು ನಾನು, ಹೆಡ್ ಕಾನ್‌ಸ್ಟೇಬಲ್ ಶ್ರೀನಾಥ. ಸೀಟಿಯಿದ್ದ ಕೊಳವೆಯ ಬಾಯಿಗೆ ಯಾರೋ ತೆಂಗಿನ ಸಿಪ್ಪೆ ತುರುಕಿದ್ದರು.

"ಯಾರ ಮೇಲೆ ಅನುಮಾನ?"

"ಮತ್ಯಾರು? ಗುಜರಿ ಲಿಂಗಪ್ಪ!"

ಲಿಂಗಪ್ಪನನ್ನು ಕರೆತಂದೆ.

"ನಂಗೆಂತಕ್ಕೆ ಸೀಟಿ? ಇಡೀ ಯಂತ್ರ ಕೇಳಿದ್ದೆ, ಕೊಡ್ಲಿಲ್ಲ. ಅದಕ್ಕೆ ಕದೀತಾರಾ?"

ಇವನೇ ಕಳ್ಳ ಎಂದು ನನಗೆ ಖಾತ್ರಿಯಾಯಿತು. ನನ್ನ ಖಾತ್ರಿಗಳ ಕಥೆ ಸ್ಟೇಷನ್ನಿಗೆಲ್ಲ ಗೊತ್ತು.

ಯಂತ್ರಕ್ಕೆ ಎಣ್ಣೆ ಹಚ್ಚುತ್ತಿದ್ದ ಫಿಟ್ಟರ್ ನಾಗರಾಜ ನೆಲ ನೋಡುತ್ತಲೇ ಹೇಳಿದ— "ನಂಗೆಂತ ಗೊತ್ತಿಲ್ಲ, ಮೇಡಂ."

ಟೀಚರ ಮನೆ ಬೇಲಿಯಾಚೆಗೇ. ಅವರು ಕಣ್ಣೊರೆಸಿಕೊಂಡರು. "ಬನ್ನಿ, ಚಾ ಕುಡೀರಿ. ಶರಬತ್ತು ಮಾಡುವ ಅಂದ್ರೆ, ಭರಣಿ ತುಂಬ ಇದ್ದ ಮುರುಗಲು ಸಿಪ್ಪೆ ಬೆಳಿಗ್ಗೆ ನೋಡಿದ್ರೆ ಖಾಲಿ!"

ವಿನುತಾ ತಟ್ಟನೆ ನಿಂತರು. "ಚಾ ಬೇಡ. ಬಾವಿಕಟ್ಟೆ ತೋರಿಸಿ."

ಅಲ್ಲಿ ಟೀಚರ ಅತ್ತೆ ಗಣಪಿ ಕೂತಿದ್ದರು. ಅದೇ ಕಾರ್ಖಾನೆಯಲ್ಲಿ ಸೀಟಿ ಕೂಗಿದಾಗೆಲ್ಲ ಕೆಲಸಕ್ಕೆ ಓಡಿ, ಹಂಚು ಹೊತ್ತೇ ಮುದುಕಿಯಾದವರು. ಕೆಂಪು ನೀರಿನ ಬಕೆಟ್ಟಿನಿಂದ ಕೈ ಎತ್ತಿದರೆ— ಥಳಥಳ ಹೊಳೆಯುವ ಸೀಟಿ!

"ಅತ್ತೇ! ಇದೆಂತದು?"

"ಎಂತಾತು? ದೊಡ್ಡವರು ನೋಡೂಕೆ ಬರ್ತಾರೆ ಅಂದೆಯಲ್ಲ. ದೀಪ ತಿಕ್ಕದೇ ದೇವರ ಮುಂದೆ ಇಡ್ತೀವಾ? ನಾಗರಾಜನ ಹತ್ರ ಬಿಚ್ಚಿಸ್ದೆ. ಸೊಸೆ ಬಯ್ತಾಳೆ, ಹೇಳಬೇಡ ಅಂದಿದ್ದೆ."

"ಕಳ್ಳ ಸಿಕ್ಕಿದ, ಶ್ರೀನಾಥ," ವಿನುತಾ ನಕ್ಕರು. "ಕದ್ದವನು ಕೊಳವೆಗೆ ಕಡಜ ಹೊಗದಂತೆ ತೆಂಗಿನ ಸಿಪ್ಪೆ ತುರುಕುತ್ತಾನಾ? ಬಿಚ್ಚಿದವರು ಮತ್ತೆ ಕೂರಿಸುವವರೇ. ಹಿತ್ತಾಳೆ ಹೋದ ದಿನವೇ ಮುರುಗಲೂ ಖಾಲಿ. ನಮ್ಮ ಕಡೆ ಹಿತ್ತಾಳೆ ತಿಕ್ಕೋದು ಆ ಹುಳಿಯಲ್ಲೇ ಅಲ್ವಾ?"

ದೀಪದ ಬುಡದಲ್ಲೇ ಕತ್ತಲೆ. ಟೀಚರ್ ಅತ್ತೆಯನ್ನು ತಬ್ಬಿಕೊಂಡು ಅತ್ತರು, ಆಮೇಲೆ ಲಿಂಗಪ್ಪನ ಕ್ಷಮೆ ಕೇಳಿದರು.

ಮಧ್ಯಾಹ್ನ ನಾಗರಾಜ ಸೀಟಿಯನ್ನು ಮತ್ತೆ ಕೂರಿಸಿದ; ಲಿಂಗಪ್ಪನೇ ಟೈರಿಗೆ ಗಾಳಿ ತುಂಬುವ ಯಂತ್ರ ತಂದು ಕೊಳವೆಗೆ ಗಾಳಿ ಕೊಟ್ಟ. ಸೀಟಿ ಊರಿಗೆಲ್ಲ ಕೇಳುವಂತೆ ಕೂಗಿತು. ಬಂದವರು ಒಪ್ಪಿಗೆಯ ಸಹಿ ಹಾಕುತ್ತಿದ್ದರು. ಇತ್ತ ಗಣಪಿ ಸೆರಗನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಂಡು, ಕೆಲಸಕ್ಕೆ ಹೊರಟೇಬಿಟ್ಟಿದ್ದರು.